ನನ್ನ ಕೈಬರಹದ ರಾಜೀನಾಮೆಗಳು

ನನ್ನ ಅಕ್ಷರ ದುಂಡಗಿದೆ. ಇದನ್ನು ಜಂಬದಿಂದ ಹೇಳಿಕೊಳ್ಳುತ್ತಿದ್ದ ಕಾಲವೊಂದಿತ್ತು. ಈಗ ಯಾರಾದರೂ ಹೊಗಳಿದರೆ ಮೈ ಉರಿಯುತ್ತದೆ. ಮಾಚೇನಹಳ್ಳಿಯ ಒಂದು ಬಟ್ಟೆ ಕಾರ್ಖಾನೆಯಲ್ಲಿ ನಾನು ಶರ್ಟಿನ ಕಾಲರ್ ಹೊಲಿಯುತ್ತೇನೆ. ಕೆಲಸ ಬಿಡುವವರು ರಾಜೀನಾಮೆ ಬರೆದುಕೊಟ್ಟು ಹೋಗಬೇಕೆಂಬುದು ಅಲ್ಲಿನ ಪದ್ಧತಿ. ಬಿಡುವವರು ಅನ್ನುವುದಕ್ಕಿಂತ ಬಿಡಿಸಲ್ಪಡುವವರು ಅನ್ನಿ. ಭದ್ರಾವತಿಯಿಂದ ಬರುವ ಹೆಂಗಸರಲ್ಲಿ ಬಹಳ ಜನರ ಮನೆಮಾತು ತಮಿಳು, ತೆಲುಗು. ಕನ್ನಡ ಪಟಪಟ ಮಾತಾಡುತ್ತಾರೆ, ಓದು ಬರಹ ಬಾರದು. ಆಗ ಆಫೀಸಿನಿಂದ ನನಗೆ ಕರೆ ಬರುತ್ತಿತ್ತು. 'ವೈಯಕ್ತಿಕ ಕಾರಣಗಳಿಂದ ಸ್ವಇಚ್ಛೆಯಿಂದ ರಾಜೀನಾಮೆ ನೀಡುತ್ತಿದ್ದೇನೆ' ಎಂಬ ಸಾಲನ್ನು ಎಷ್ಟು ಸಲ ಬರೆದಿದ್ದೇನೆಂದರೆ, ನಿದ್ದೆಯಿಂದ ಎಬ್ಬಿಸಿ ಪೆನ್ನು ಕೊಟ್ಟರೂ ತಪ್ಪಿಲ್ಲದೆ ಬರೆದೇನು. ನನಗೆ ಸಿಗುತ್ತಿದ್ದುದು ಫ್ಯಾನಿನ ಕೆಳಗೆ ಹತ್ತು ನಿಮಿಷ ಮತ್ತು ಪಿಂಗಾಣಿ ಕಪ್ಪಿನಲ್ಲಿ ಟೀ. ಆ ಟೀ ಚೆನ್ನಾಗಿಯೂ ಇರುತ್ತಿರಲಿಲ್ಲ.

ಯೂನಿಯನ್ ಎಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಅದಕ್ಕೆ ಕಾರಣ ಭದ್ರಾವತಿಯ ನನ್ನ ಸೋದರಮಾವ. ಕೆಲಸದಲ್ಲಿದ್ದಷ್ಟು ದಿನ ಅವರು ಯೂನಿಯನ್ನಿನ ಪದಾಧಿಕಾರಿ. ಅತ್ತೆ ಗ್ಯಾಸ್ ಮುಗಿಯಿತು ಅಂದರೆ, ಅದನ್ನೂ ಮುಂದಿನ ಸಭೆಗೆ ಇಡೋಣ ಅನ್ನುವ ಗತ್ತು. ಆಮೇಲೆ ಅವರ ಯೂನಿಯನ್ ಒಡೆದು ಎರಡಾಯಿತು. ಸಿದ್ಧಾಂತಕ್ಕೇನೂ ಅಲ್ಲ, ಕರಪತ್ರದಲ್ಲಿ ಯಾರ ಹೆಸರು ಮೇಲೆ ಬರಬೇಕು ಎಂಬುದಕ್ಕೆ. ಅಂದಿನಿಂದ ಮಾವ ಎದುರು ಬಣದವರ ಮದುವೆಗೆ ಹೋದರೆ ಊಟ ಮಾಡದೆ, ಪ್ರತಿಭಟನೆಯೆಂದು ಬರೀ ಪಾಯಸ ಕುಡಿದು ಬರುತ್ತಿದ್ದರು. ಎರಡು ಲೋಟ. ಇದನ್ನೆಲ್ಲ ನೋಡಿ ಬೆಳೆದ ನಾನು ಯೂನಿಯನ್ ಅಂದರೆ ಗಂಡಸರಿಗೆ ಮನೆಗೆಲಸ ತಪ್ಪಿಸಿಕೊಳ್ಳಲು ಸಿಕ್ಕ ನೆಪ ಎಂದೇ ತಿಳಿದಿದ್ದೆ.

ನನ್ನ ಪಕ್ಕದ ಮಿಷನ್ನಿನಲ್ಲಿ ತೋಳು ಜೋಡಿಸುವ ಅಕ್ಕ ಭದ್ರಾವತಿಯ ತಮಿಳರು, ಸಹಿಯೊಂದು ಬಿಟ್ಟರೆ ಅವರಿಗೂ ಕನ್ನಡ ಓದು ಬರಹ ಬಾರದು. ತಮಿಳಿನಲ್ಲಿ ಮಕ್ಕಳನ್ನು ಮುದ್ದಿನಿಂದ ಕರೆಯುವಂತೆ, ನನ್ನನ್ನು ಕರೆಯುತ್ತಿದ್ದುದೇ 'ಕಣ್ಣು' ಎಂದು. ಹೊಸದಾಗಿ ಸೇರಿದಾಗ ನನ್ನ ಮುಂದೆ ಕಾಲರಿನ ರಾಶಿ ಬಿದ್ದು, ಸೂಪರ್‌ವೈಸರ್ ಬಾಯಿಗೆ ಬಂದಂತೆ ಬೈಯುವಾಗ, ಈ ಅಕ್ಕ ತಮ್ಮ ಕೆಲಸ ಮುಗಿಸಿ ನನ್ನ ರಾಶಿಗೂ ಕೈಹಾಕುತ್ತಿದ್ದರು. ಅವರ ಮನೆಯಲ್ಲಿ ಸಂಬಳ ತರುವವರು ಅವರೊಬ್ಬರೇ. ಹೋದ ವರ್ಷ ಅವರಿಗೆ ಗರ್ಭಕೋಶದ ಆಪರೇಷನ್ ಆಗಬೇಕಾಯಿತು. ಡಾಕ್ಟರು ಎರಡು ತಿಂಗಳು ಮಿಷನ್ ತುಳಿಯಬೇಡಿ ಅಂದರು. ಅಕ್ಕ ರಜೆ ಕೇಳಲು ಆಫೀಸಿಗೆ ಹೋದರು, ಸ್ವಲ್ಪ ಹೊತ್ತಿಗೆ ನನಗೂ ಕರೆ ಬಂತು.

ಎಚ್ಚಾರ್ ಸಾಹೇಬರು ಮಾಮೂಲಿ ಲೆಟರ್ ಬರಿಯಮ್ಮ ಅಂದರು. ಬರೆದೆ. ಅಕ್ಕ ಪೆನ್ನು ಹಿಡಿದು, ಹಾಳೆ ನೋಡಿ, ನನ್ನ ಮುಖ ನೋಡಿದರು.

"ರಜೆ ಅರ್ಜಿ ತಾನೆ, ಕಣ್ಣು?"

ಸಾಹೇಬರು ತಲೆ ತಗ್ಗಿಸಿ ಮೊಬೈಲ್ ನೋಡುತ್ತಿದ್ದರು. ನಾನು "ಹ್ಞೂಂ" ಅಂದೆ.

ಯಾಕೆ ಅಂದೆ? ಹೆದರಿಕೆ. ಬೇರೆ ಕಾರಣ ಹುಡುಕಿ ಸಾಕಾಗಿದೆ, ಸಿಕ್ಕಿಲ್ಲ. ಆಪರೇಷನ್ ಆದ ಮೇಲೆ ಅವರೇ ಕೆಲಸ ಬಿಡಬಹುದು, ಬಿಡದಿದ್ದರೆ ಸಾಹೇಬರೇ ಮತ್ತೆ ತೆಗೆದುಕೊಳ್ಳಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಟೀ ಕುಡಿದು ಬಂದೆ. ಥೂ ನನ್ನ ಜನ್ಮಕ್ಕೆ.

ಎರಡು ತಿಂಗಳಾದ ಮೇಲೆ ಅಕ್ಕ ಟಿಫಿನ್ ಡಬ್ಬಿ ಹಿಡಿದು ಬಂದರು. ಹೆಸರು ಪಟ್ಟಿಯಲ್ಲಿಲ್ಲ ಎಂದು ವಾಚ್‌ಮನ್ ಗೇಟಿನಲ್ಲೇ ತಡೆದ. ಮಧ್ಯಾಹ್ನದವರೆಗೂ ಅಲ್ಲೇ ನಿಂತಿದ್ದರಂತೆ. ಸಂಜೆ ಬಸ್ಸಿನ ಹತ್ತಿರ ಸಿಕ್ಕಾಗ ನನ್ನ ಕೊರಳಪಟ್ಟಿ ಹಿಡಿಯುತ್ತಾರೆ ಅಂದುಕೊಂಡೆ. ಅವರು ನನ್ನ ಕೈ ಹಿಡಿದು, ನಿನಗೂ ಸುಳ್ಳು ಹೇಳಿ ಬರೆಸಿದ್ದಾರೆ ಪಾಪ, ಅಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಶಿವಮೊಗ್ಗದ ವಿದ್ಯಾನಗರದಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಮೇಡಂ ಬಟ್ಟೆ ಕಾರ್ಖಾನೆಯವರದ್ದೊಂದು ಸಣ್ಣ ಯೂನಿಯನ್ ನಡೆಸುತ್ತಿದ್ದರು. ಭಾನುವಾರ ಅಕ್ಕ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದರು. ನಮ್ಮ ಕಾರ್ಖಾನೆಯಿಂದ ಬಂದವರು ಒಟ್ಟು ಏಳು ಜನ. ಒಬ್ಬಳು ನ್ಯಾಯಕ್ಕಾಗಿ ಬಂದಿದ್ದಳು, ಒಬ್ಬಳು ಮನೆಗೆ ನಾದಿನಿ ಬಂದಿದ್ದಾಳೆಂದು ಬಂದಿದ್ದಳು, ಉಳಿದವರು ಉಪ್ಪಿಟ್ಟು ಚೆನ್ನಾಗಿದೆ ಎಂದು ಕೂತಿದ್ದರು. ನಮ್ಮ ಘಟಕಕ್ಕೆ ಕಾರ್ಯದರ್ಶಿ ಯಾರಾಗಬೇಕು ಎಂಬುದಕ್ಕೇ ಒಂದು ಗಂಟೆ ಹೋಯಿತು. ಮೊದಲು ಯಾರಿಗೂ ಬೇಡ, ಒಬ್ಬಳು ಒಪ್ಪಿದ ಕೂಡಲೇ ಎಲ್ಲರಿಗೂ ಬೇಕು. ಮಾವ ಅಲ್ಲಿದ್ದಿದ್ದರೆ ಆನಂದಬಾಷ್ಪ ಸುರಿಸುತ್ತಿದ್ದರು.

ಆದರೆ ಮೇಡಂ ಕೆಲಸ ಹೇಗೆ ನಡೆಯುತ್ತದೆಂದು ಬಿಡಿಸಿ ಹೇಳಿದರು. ಅಕ್ಕ ಒಬ್ಬರೇ ಆಫೀಸಿನಲ್ಲಿ ಅತ್ತರೆ ಅದು ಎಲ್ಲೂ ದಾಖಲಾಗುವುದಿಲ್ಲ. ಯೂನಿಯನ್ ಪತ್ರ ಬರೆದರೆ ಅದಕ್ಕೊಂದು ಸ್ವೀಕೃತಿ ಇರುತ್ತದೆ. ಮಾಲೀಕರು ಉತ್ತರ ಕೊಡದಿದ್ದರೆ ಕಾರ್ಮಿಕ ಅಧಿಕಾರಿಗೆ ದೂರು ಕೊಡಬಹುದು, ಅವರು ಇಬ್ಬರನ್ನೂ ಕರೆದು ಕೂರಿಸುತ್ತಾರೆ. ಆಮೇಲೆ ನನ್ನತ್ತ ತಿರುಗಿ, ಪತ್ರ ಬರೆದವಳು ನೀನು, ನೀನು ಸಾಕ್ಷಿ ಹೇಳಬೇಕು ಅಂದರು. ಅದು ರಾಜೀನಾಮೆ ಅಂತ ನನಗೂ ಗೊತ್ತಿರಲಿಲ್ಲ ಅಂತ ಹೇಳ್ತೀನಿ ಎಂದು ಒಪ್ಪಿಕೊಂಡೆ. ಅಕ್ಕನ ಕೆಲಸವೂ ಉಳಿಯುತ್ತದೆ, ನನ್ನ ಮಾನವೂ ಉಳಿಯುತ್ತದೆ ಎಂಬ ಲೆಕ್ಕಾಚಾರ ನನ್ನದು.

ಯೂನಿಯನ್ ಪತ್ರಕ್ಕೆ ಕಂಪನಿ ಉತ್ತರ ಕೊಡಲಿಲ್ಲ, ದೂರು ಹೋಯಿತು, ಕಾರ್ಮಿಕ ಅಧಿಕಾರಿಯ ಮುಂದೆ ನಾನು ಆ ಸುಳ್ಳನ್ನು ಹೇಳಿಯೂಬಿಟ್ಟೆ. ಎಚ್ಚಾರ್ ಸಾಹೇಬರು ನಕ್ಕರು. ನಾನು ಸುಳ್ಳುಗಾತಿ ಎಂದು ತೋರಿಸುವ ಹುರುಪಿನಲ್ಲಿ ತಾವು ತಂದಿದ್ದ ಫೈಲನ್ನೇ ಬಿಚ್ಚಿ ಮೇಜಿನ ಮೇಲೆ ಹರಡಿದರು. ಇಷ್ಟೊಂದು ರಾಜೀನಾಮೆ ಬರೆದವಳಿಗೆ ರಾಜೀನಾಮೆ ಅಂದರೇನೆಂದು ಗೊತ್ತಿಲ್ಲವೇ ಸರ್, ಅಂದರು. ಅಧಿಕಾರಿ ಒಂದೊಂದೇ ಹಾಳೆ ಎತ್ತಿ ನೋಡಿದರು. ಬೇರೆ ಬೇರೆ ಹೆಂಗಸರು, ಅದೇ ಸಾಲು, ಅದೇ ದುಂಡು ಅಕ್ಷರ. ಇವರೆಲ್ಲರ ಸ್ವಇಚ್ಛೆ ಒಬ್ಬಳದೇ ಕೈಯಲ್ಲಿ ಬಂದಿದ್ದು ಹೇಗೆ ಎಂದು ಕೇಳಿದಾಗ ಸಾಹೇಬರಿಗೆ ತಾವು ಮಾಡಿಕೊಂಡ ಎಡವಟ್ಟು ಹೊಳೆಯಿತು. ಮುಖ ಹುಳ್ಳಗಾಯಿತು.

ಅಧಿಕಾರಿ ನನ್ನ ಕಡೆ ತಿರುಗಿದರು. "ನಿಜ ಹೇಳಮ್ಮ. ಬರೆಯುವಾಗ ನಿನಗೆ ಗೊತ್ತಿತ್ತಾ?"

ಅಕ್ಕ ನನ್ನ ಪಕ್ಕದಲ್ಲೇ ಕೂತಿದ್ದರು. ಹಿಂದಿನ ಬೆಂಚಿನಲ್ಲಿ ಉಪ್ಪಿಟ್ಟಿನ ಪಾರ್ಟಿ ಪೂರ್ತಿ ಬಂದಿತ್ತು, ಒಂದು ದಿನದ ಸಂಬಳ ಕಳೆದುಕೊಂಡು.

"ಗೊತ್ತಿತ್ತು ಸರ್," ಅಂದೆ. "ರಜೆ ಅರ್ಜಿನಾ ಅಂತ ಅಕ್ಕ ಕೇಳಿದ್ರು. ಹ್ಞೂಂ ಅಂದೆ. ಹೆದ್ರಿಕೆ ಆಗಿತ್ತು ಸರ್."

ಈಗ ಹೊಸ ಹುಡುಗಿಯರು ಯೂನಿಯನ್ ಸೇರಬೇಕಾ ಎಂದು ನನ್ನನ್ನೇ ಕೇಳುತ್ತಾರೆ. ಜಗಳ ಇದೆ, ಭಾಷಣ ಇದೆ, ಬ್ಯಾನರಿನ ತುದಿ ಯಾರು ಹಿಡಿಯಬೇಕು ಎಂಬ ರಾಮಾಯಣವೂ ಇದೆ, ಆದರೂ ಸೇರು ಮಾರಾಯ್ತಿ ಅನ್ನುತ್ತೇನೆ. ಯೂನಿಯನ್ನಿನವರು ದೊಡ್ಡ ಮನುಷ್ಯರೆಂದಲ್ಲ. ಒಂಟಿಯಾಗಿದ್ದಾಗ ನಾನು ಎಂಥವಳೆಂದು ನನಗೆ ಗೊತ್ತಾಗಿದೆ, ಅದಕ್ಕೆ. ಆ ಬೆಂಚು ಖಾಲಿಯಿದ್ದಿದ್ದರೆ ನಾನು ಸುಳ್ಳಿಗೇ ಅಂಟಿಕೊಂಡಿರುತ್ತಿದ್ದೆ.

ಅಂದು ಅಧಿಕಾರಿ ಕೊಟ್ಟ ಮುಂದಿನ ತಾರೀಖಿನಲ್ಲಿ ಕಂಪನಿಯವರು ಅಕ್ಕನನ್ನು ವಾಪಸ್ ತೆಗೆದುಕೊಳ್ಳಲು ಒಪ್ಪಿದರು. ಒಪ್ಪಂದ ಪತ್ರ ಟೈಪಾಗಿ ಬಂತು, ಕನ್ನಡದಲ್ಲಿ ಒಂದೂವರೆ ಪುಟ. ಅಧಿಕಾರಿ ಓದಿ ಸಹಿ ಹಾಕಿ ಅಂದರು. ಪಕ್ಕದಲ್ಲಿದ್ದ ನಾನು ಓದಿ ಹೇಳೋಣವೆಂದು ಕೈಚಾಚಿದೆ. ಅಕ್ಕ ಹಾಳೆಯನ್ನು ನನ್ನ ಕೈಗೆ ಕೊಡದೆ ಹಿಂದಿನ ಬೆಂಚಿಗೆ ಕೊಟ್ಟರು, ಗುಂಡಿ ಹಚ್ಚುವ ಹುಡುಗಿಗೆ. ಅವಳು ಓದಿದ್ದು ನಾಲ್ಕನೇ ಕ್ಲಾಸು. ಒಂದೊಂದೇ ಅಕ್ಷರ ಕೂಡಿಸಿಕೊಂಡು, ಒತ್ತಕ್ಷರ ಬಂದಲ್ಲೆಲ್ಲ ನಿಂತು, ಬೆವರುತ್ತ ಓದಿದಳು. ಅಧಿಕಾರಿ ಗಡಿಯಾರ ನೋಡಿದರು. ನಾನು ಒಂದೇ ಉಸಿರಿಗೆ ಓದಬಲ್ಲ ಆ ಒಂದೂವರೆ ಪುಟಕ್ಕೆ ಅರ್ಧ ಗಂಟೆ ಹಿಡಿಯಿತು. ಅಕ್ಕ ಕೊನೆಯ ಸಾಲಿನವರೆಗೂ ಕೇಳಿಸಿಕೊಂಡು, ಆಮೇಲೆ ಪೆನ್ನು ತೆಗೆದುಕೊಂಡರು.