ಫುಲ್‌ಶೀರ್‌ನ ಸ್ಲೈಡ್ ರೂಲ್ ಮತ್ತು ಐದೂವರೆ ಚಮಚ ಉಪ್ಪು

ಯುಗಾದಿ ಮುಗಿದ ಮುಂದಿನ ಶನಿವಾರ ಆಸ್ಟಿನ್‌ನಿಂದ ಹೂಸ್ಟನ್ ಪಕ್ಕದ ಫುಲ್‌ಶೀರ್‌ಗೆ ಹೋಗಿದ್ದೆ. ನೂರಾ ಎಂಬತ್ತು ಜನರ ಹಬ್ಬದೂಟಕ್ಕೆ ಕೈಜೋಡಿಸುವುದು ಹೇಳಿಕೊಳ್ಳುವ ಕಾರಣ. ನಿಜವಾದ ಕಾರಣ ಅಡುಗೆಯ ಉಸ್ತುವಾರಿ ಹೊತ್ತಿದ್ದ ಅಂಕಲ್. ದೂರದ ಇರ್ವಿಂಗ್ ಊರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುವ ಮ್ಯಾನೇಜರ್ ಅವರು. ನನ್ನ ಬೇಸಿಗೆಯ ಇಂಟರ್ನ್‌ಶಿಪ್‌ಗೆ ಸೋಮವಾರ ರೆಫರ್ ಮಾಡುತ್ತೇನೆ ಎಂದಿದ್ದರು. ಉಳಿದ ಮೂವತ್ತೊಂದು ಕಡೆಯಿಂದ 'ಇಲ್ಲ' ಬಂದಾಗಿತ್ತು. ಡೈರಿಯಲ್ಲಿ ಗೀಟು ಹಾಕಿಟ್ಟಿದ್ದೇನೆ.

ಅಂಕಲ್ ಬಳಿ ಆನ್‌ಲೈನ್‌ನಲ್ಲಿ ಕೊಂಡ ಸ್ಲೈಡ್ ರೂಲ್ ಇದೆ. ನೋಡಲು ದಪ್ಪ ಸ್ಕೇಲು, ನಡುವೆ ಒಂದು ಪಟ್ಟಿ. ಅದನ್ನು ಜಾರಿಸಿ ಗುಣಿಸಬಹುದು, ಭಾಗಿಸಬಹುದು. ಮನುಷ್ಯರನ್ನು ಮೊದಮೊದಲು ಆಕಾಶಕ್ಕೆ ಕಳಿಸಿದ ಎಂಜಿನಿಯರುಗಳ ಕೈಯಲ್ಲಿ ಇಂಥದ್ದೇ ಇರುತ್ತಿತ್ತು. ಬಾಹ್ಯಾಕಾಶ ಕೇಂದ್ರವಿರುವ ಹೂಸ್ಟನ್ ಸುತ್ತಮುತ್ತ ಮನೆ ಕೊಂಡ ಕೆಲವರಿಗೆ ಚಂದ್ರನ ಮೇಲೂ ಒಂದು ಸೈಟು ಸಿಕ್ಕಿದೆ ಅನ್ನಿಸುವುದುಂಟು.

"ಕಂಪ್ಯೂಟರ್ ಇಲ್ದೆ, ಬರೀ ಇದನ್ನಿಟ್ಕೊಂಡು ಚಂದ್ರಂಗೆ ಹೋದ್ರಮ್ಮ!" ಎಂದರು ಅಂಕಲ್.

ಆಗಲೂ ಕೋಣೆ ತುಂಬುವಂಥ ಕಂಪ್ಯೂಟರುಗಳಿದ್ದವು ಎಂದು ನಾನು ಹೇಳಲಿಲ್ಲ. ಸೋಮವಾರ ಇನ್ನೂ ಬಂದಿರಲಿಲ್ಲ.

ಬಿಸಿಬೇಳೆಬಾತ್‌ಗೆ ಉಪ್ಪೆಷ್ಟು ಎಂದು ಅವರ ಹೆಂಡತಿ ಕೇಳಿದರು.

"ಎಂಟು ಜನಕ್ಕೆ ಎರಡೂವರೆ ಚಮಚ ಅಲ್ವಾ? ತಡಿ." ಅಂಕಲ್ ಪಟ್ಟಿ ಜಾರಿಸಿ, ಕನ್ನಡಕ ಹಣೆಗೇರಿಸಿ ಓದಿದರು. "ಐದು, ಆರು... ಐದೂವರೆ ಚಮಚ. ಒಂಚೂರು ಮೇಲೆ."

ನೂರಾ ಎಂಬತ್ತು ಜನಕ್ಕೆ! ಸುತ್ತ ನಿಂತಿದ್ದ ಸಾಫ್ಟ್‌ವೇರ್ ಎಂಜಿನಿಯರುಗಳೆಲ್ಲ ತಲೆಯಾಡಿಸಿದರು. "ಬಿಪಿಗೂ ಒಳ್ಳೇದೇ" ಎಂದರೊಬ್ಬರು.

ಸ್ಲೈಡ್ ರೂಲ್ ಅಂಕಿಗಳನ್ನು ಕೊಡುತ್ತದೆ, ದಶಮಾಂಶದ ಚುಕ್ಕಿಯನ್ನು ಕೊಡುವುದಿಲ್ಲ. ಐದೂವರೆಯೋ ಐವತ್ತಾರೋ ಎಂಬ ಅಂದಾಜು ಪಟ್ಟಿ ಹಿಡಿದವರ ತಲೆಯಲ್ಲಿರಬೇಕು. ಆ ಎಂಜಿನಿಯರುಗಳಿಗೆ ಅದು ಇತ್ತು. ಕ್ಯಾಲ್ಕುಲೇಟರ್ ಒಳಗೆ ಬಿಡದ ಪಿಯುಸಿ ಪರೀಕ್ಷೆಗೆ ಲಾಗ್ ಟೇಬಲ್ ತಿರುವಿ ತಿರುವಿ ಬಂದ ನನಗೂ ಈ ಚುಕ್ಕಿಯ ಕಾಟ ಗೊತ್ತು. ಬಾಯಿ ಮುಚ್ಚಿಕೊಂಡರೆ ಇಂಟರ್ನ್‌ಶಿಪ್, ತೆರೆದರೆ ಉಪ್ಪು.

"ಅಂಕಲ್, ಐವತ್ತಾರು ಆಗ್ಬೇಕು ಅನ್ಸುತ್ತೆ."

"ಚಂದ್ರಂಗೆ ಹೋದ ಸ್ಕೇಲಮ್ಮ ಇದು. ತಪ್ಪು ಹೇಳುತ್ತಾ?"

"ಸ್ಕೇಲು ಸರಿಯಾಗೇ ಹೇಳ್ತು ಅಂಕಲ್. ಚುಕ್ಕಿ ಇಟ್ಟಿದ್ದು ನೀವು."

ಆಂಟಿ ಐದೂವರೆ ಚಮಚ ಹಾಕಿ, ಕಲಸಿ, ಅಂಗೈಗೆ ಬಿಟ್ಟುಕೊಂಡು ರುಚಿ ನೋಡಿದರು. "ಏನ್ರೀ, ನಿಮ್ಮ ಚಂದ್ರಲೋಕದಲ್ಲಿ ಉಪ್ಪು ಸಿಗಲ್ವಾ?" ಎನ್ನುತ್ತಾ ಡಬ್ಬವನ್ನೇ ಎತ್ತಿಕೊಂಡರು. ಎಲ್ಲರೂ ನಕ್ಕರು, ಬಿಪಿಯವರು ಎಲ್ಲರಿಗಿಂತ ಜೋರಾಗಿ. ಅಂಕಲ್ ಸ್ಲೈಡ್ ರೂಲನ್ನು ಅದರ ಚರ್ಮದ ಚೀಲಕ್ಕೆ ತುರುಕಿ ಹೊರಗೆ ನಡೆದರು. ಊಟದುದ್ದಕ್ಕೂ ನನ್ನ ಕಡೆ ತಿರುಗಲಿಲ್ಲ.

ಸೋಮವಾರ ಸಂಜೆ ಅವರು ಆಫೀಸಿಗೆ ಕಳಿಸಿದ ಶಿಫಾರಸಿನ ಪ್ರತಿ ನನ್ನ ಮೇಲ್‌ಗೆ ಬಂತು. ಹುಡುಗಿ ಲೆಕ್ಕದಲ್ಲಿ ಚುರುಕು, ಅಂದಾಜು ಮಾಡುವುದನ್ನು ತಾವೇ ಖುದ್ದಾಗಿ ಕಲಿಸಿದ್ದು ಎಂದು ಬರೆದಿದ್ದರು.

ಎರಡು ಸಲ ಓದಿದೆ. "ಥ್ಯಾಂಕ್ಸ್ ಅಂಕಲ್, ಎಲ್ಲಾ ನಿಮ್ಮಿಂದಲೇ ಕಲಿತಿದ್ದು" ಎಂದು ಉತ್ತರ ಕಳಿಸಿದೆ.