ಅಣ್ಣಯ್ಯನ ಬೆರಳಿಗೆ ಇಟ್ಟ ಪರೀಕ್ಷೆ

ಮೊನ್ನೆ ಕುಂದಾಪುರಕ್ಕೆ ಸಕ್ಕರೆ ಕಾಯಿಲೆಯ ತಪಾಸಣೆಗೆ ಹೋಗಿದ್ದೆ. ಕೈ ಜೋಮು ಹಿಡಿಯುತ್ತದೆ ಎಂದಾಗ ಅಲ್ಲಿನ ಹುಡುಗಿ ಎರಡು ಕವಲಿನ ಉಕ್ಕಿನ ಕಡ್ಡಿಯೊಂದನ್ನು ಬಡಿದು, ಅದರ ಬುಡವನ್ನು ನನ್ನ ಬೆರಳ ತುದಿಗೆ ಒತ್ತಿದಳು. ಗುಂಯ್ ಎಂದು ನಡುಗಿತು. ಅಷ್ಟಕ್ಕೇ ಆಚೆಮನೆ ಅಣ್ಣಯ್ಯ ಕಣ್ಣ ಮುಂದೆ ಬಂದು ನಿಂತರು…

"ಕೈ ತಣ್ಣಗಿತ್ತ್ ಅಮ್ಮ. ಸ್ವಲ್ಪ ಹೊತ್ತ್ ಕೂಕಣಿ, ಬೆಚ್ಚಗಾಯ್ಲಿ. ಮತ್ತೆರಡ್ ಸಲ ಕಾಂತೆ. ಒಂದ್ ಸಲ ಕಂಡದ್ದನ್ ನಂಬುಕಾತಿಲ್ಲ" ಎಂದಳು ಹುಡುಗಿ.

ಕೂತೆ. ಕೂತಲ್ಲೇ ಸಿಟ್ಟಿಗೆ ಮೈಯೆಲ್ಲ ಉರಿದುಹೋಯಿತು.

ನಮ್ಮೂರು ಹೆಮ್ಮಾಡಿ. ಅಣ್ಣಯ್ಯ ಕಗ್ಗಲ್ಲಿನ ಕೋರೆಯಲ್ಲಿ ಬಂಡೆಗೆ ಡ್ರಿಲ್ಲು ಹೊಡೆಯುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಆ ಯಂತ್ರವನ್ನು ಅವುಚಿ ಹಿಡಿದು ನಿಲ್ಲುವ ಕೆಲಸ. ಮನೆಗೆ ಬಂದ ಮೇಲೂ ಕೈ ನಡುಗುತ್ತಿತ್ತು, ಚಳಿಗೆ ಬೆರಳು ಸುಣ್ಣದ ಹಾಗೆ ಬೆಳ್ಳಗಾಗುತ್ತಿತ್ತು. ಅದಕ್ಕೆಲ್ಲ ಅವರು ತಲೆ ಕೆಡಿಸಿಕೊಂಡವರಲ್ಲ. ಆದರೆ ಸಣ್ಣ ಮಗಳಿಗೆ ರಾತ್ರಿ ಊಟಕ್ಕೆ ಮೀನಿನ ಮುಳ್ಳು ಬಿಡಿಸಿ ಉಣ್ಣಿಸುವುದು ಅವರದೇ ಕೆಲಸವಾಗಿತ್ತು. ಒಂದು ದಿನ ಮುಳ್ಳು ಬೆರಳಿಗೆ ತಿಳಿಯದೆ ತುತ್ತಿನೊಳಗೆ ಉಳಿದು, ಮಗುವಿನ ಗಂಟಲಿಗೆ ಸಿಕ್ಕಿಬಿಟ್ಟಿತು. ಮಗು ಹೇಗೋ ಉಳಿಯಿತು. ಅಣ್ಣಯ್ಯ ಮಾತ್ರ ಮತ್ತೆ ಅದಕ್ಕೆ ತುತ್ತು ಕೊಡಲಿಲ್ಲ.

"ತಂಗಿ, ನನ್ ಬೆರಳ್ ನಂದಲ್ಲ ಅಂಬಂಗ್ ಆಯಿತ್" ಎಂದರು ನನ್ನ ಹತ್ತಿರ.

ಡಾಕ್ಟರು ಬರೆದುಕೊಟ್ಟರೆ ಡ್ರಿಲ್ಲು ಬಿಡಿಸಿ ಲೋಡಿಂಗ್ ನೋಡಿಕೊಳ್ಳುವ ಕೆಲಸಕ್ಕೆ ಹಾಕುತ್ತೇನೆ ಎಂದು ಕೋರೆಯ ಧಣಿ ಒಪ್ಪಿದ್ದರು. ಡಾಕ್ಟರು ಪರವೂರಿನವರು, ನಮ್ಮ ಕಡೆಯ ಮಾತು ಅವರಿಗೆ ತಿಳಿಯುತ್ತಿರಲಿಲ್ಲ. ನಾನು ಅಂಗನವಾಡಿ ಟೀಚರ್ ಎಂದು ಪ್ರತಿ ಸಲವೂ ನನ್ನನ್ನು ಜೊತೆಗೆ ಕರೆದುಕೊಂಡು ಹೋದರು.

ಮೊದಲ ಸಲ ಹೊರಟಾಗ ಅವರ ಹೆಂಡತಿ, ನಮ್ಮ ಅತ್ತಿಗೆ, ಹಂಡೆಯಲ್ಲಿ ನೀರು ಕಾಯಿಸಿದ್ದರು. "ಡಾಕ್ಟ್ರ್ ಕೈ ಮುಟ್ಟಿ ಕಾಂತ್ರ್. ಹಂಗೇ ಹೋಪುದಾ? ಮಿಂದ್ಕಂಡ್ ಹೋಯ್ಕ್" ಎಂದು ಕೈಗೆ ಎಣ್ಣೆ ತಿಕ್ಕಿ, ಬಿಸಿಬಿಸಿ ನೀರು ಹೊಯ್ದು ಕಳಿಸಿದರು. ಅವತ್ತು ಡಾಕ್ಟರು ಇಂಥದೇ ಕಡ್ಡಿ ಒತ್ತಿದಾಗ ಬೆರಳಿಗೆ ನಡುಕ ಗೊತ್ತಾಯಿತು. "ಇನ್ನೊಮ್ಮೆ ನೋಡೋಣ" ಎಂದರು ಡಾಕ್ಟರು.

ಎರಡನೇ ಸಲ ರಜೆ ಸಿಗದೆ ಕೋರೆಯಿಂದ ನೇರ ಬಂದರು. ಏನೇನೂ ಗೊತ್ತಾಗಲಿಲ್ಲ. ಮೂರನೇ ಸಲ ಅತ್ತಿಗೆ ಮತ್ತೆ ಮೀಯಿಸಿ ಕಳಿಸಿದರು, ಮತ್ತೆ ಗೊತ್ತಾಯಿತು!

ಡಾಕ್ಟರು ಕಡ್ಡಿಯನ್ನು ಮೇಜಿನ ಮೇಲೆ ಎಸೆದರು. "ಒಂದು ದಿನ ಗೊತ್ತಾಗುತ್ತದೆ, ಒಂದು ದಿನ ಇಲ್ಲ. ಯಾರ ಹತ್ತಿರ ನಾಟಕ? ಮೈಗಳ್ಳತನಕ್ಕೆಲ್ಲ ನಾನು ಬರೆದುಕೊಡುವುದಿಲ್ಲ."

ಬೆರಳು ಬೆಳ್ಳಗಾಗುವುದನ್ನು ನಾನೇ ಕಂಡಿದ್ದೇನೆ ಎಂದೆ. ಅವರು ಗಡಿಯಾರ ನೋಡಿದರು. ಬರುವ ಮೊದಲು ಕೈ ಎಲ್ಲಿತ್ತು, ಬಿಸಿನೀರಿನಲ್ಲೋ ಡ್ರಿಲ್ಲಿನ ಮೇಲೋ ಎಂದು ಒಂದು ಮಾತು ಕೇಳಲಿಲ್ಲ. ಒಮ್ಮೆ ಕಡ್ಡಿಯನ್ನು ಮೊಣಕಾಲಿಗೆ ಮೆಲ್ಲಗೆ ತಟ್ಟಿದ್ದರು, ಒಮ್ಮೆ ಮೇಜಿಗೆ ಠಣ್ಣೆಂದು ಬಡಿದಿದ್ದರು. ಅವರು ಮಾಡಿದ್ದು ಮಾತ್ರ ನಾಟಕವಲ್ಲ! ಬಂಡೆ ಕೊರೆದು ಹೊಟ್ಟೆ ಹೊರೆದ ಮನುಷ್ಯ ಮೈಗಳ್ಳನಂತೆ. ಈಗ ನೆನೆದರೂ ರಕ್ತ ಕುದಿಯುತ್ತದೆ.

ಅಣ್ಣಯ್ಯ ತಲೆ ತಗ್ಗಿಸಿ ಹೊರಗೆ ಬಂದರು. ಬಸ್ಸಿನಲ್ಲಿ ಒಂದೇ ಮಾತು: "ನಾ ಸುಳ್ಳ್ ಹೇಳ್ಲಿಲ್ಲೆ ತಂಗಿ." ಮರುದಿನ ಮತ್ತೆ ಡ್ರಿಲ್ಲು ಹಿಡಿದರು. ವರ್ಷಗಟ್ಟಲೆ ಹಿಡಿದರು… ಕೊನೆಕೊನೆಗೆ ಅಂಗಿಯ ಗುಂಡಿ ಹಾಕುವುದಕ್ಕೂ ಬೆರಳು ಬಗ್ಗುತ್ತಿರಲಿಲ್ಲ. ಬೆಳೆದ ಮಗಳು ಮೀನಿನ ಮುಳ್ಳು ಬಿಡಿಸಿ, "ಉಣ್ಣಿ ಅಪ್ಪಯ್ಯ, ಮುಳ್ಳಿಲ್ಲೆ" ಎಂದು ಅವರ ಬಟ್ಟಲಿಗೆ ಹಾಕುತ್ತಿದ್ದಳು. ಅವರು ಅವಳ ಮುಖ ನೋಡದೆ ಉಣ್ಣುತ್ತಿದ್ದರು. ಹಾಗೇ ಇದ್ದು, ಹಾಗೇ ಹೋದರು.

ಹುಡುಗಿ ನನ್ನ ಬೆರಳನ್ನು ಮೂರು ಸಲ ನೋಡಿದಳು. ಮೂರೂ ಸಲ ಬೇರೆಬೇರೆಯೇ ಬಂತು.

"ನಾ ಸುಳ್ಳ್ ಹೇಳ್ತೆ ಅಂದೇಳಿ ಬರೀತ್ಯಾ?" ಎಂದೆ, ಸ್ವಲ್ಪ ಜೋರಾಗಿಯೇ.

ಪಾಪ, ಹೆದರಿದಳು. "ಎಂತಕಮ್ಮ ಸುಳ್ಳ್? ಕೈ ತಣ್ಣಗಿದ್ರೆ ಗೊತ್ತಾತಿಲ್ಲ, ಬೆಚ್ಚಗಿದ್ರೆ ಗೊತ್ತಾತ್ತ್. ಎಲ್ಲರಿಗೂ ಹಾಂಗೇ."

ಎಲ್ಲರಿಗೂ ಹಾಗೆಯೇ ಅಂತೆ.

ಮನೆಗೆ ಬರುವಾಗ ಅತ್ತಿಗೆ ಅಂಗಳದಲ್ಲಿ ಕೂತಿದ್ದರು. "ಎಂತ ಅಂದ್ರ್ ಡಾಕ್ಟ್ರ್?" ಎಂದು ಕೇಳಿದರು. ಹುಡುಗಿ ಹೇಳಿದ ಮಾತು ನಾಲಿಗೆ ತುದಿಗೆ ಬಂದಿತ್ತು. ಅವತ್ತು ಆ ನೀರು ಕಾಯಿಸಿದ್ದು ಅವರಲ್ಲವೇ…

"ಎಂತ ಇಲ್ಯಂಬ್ರ್" ಎಂದು ಒಳಗೆ ಬಂದೆ.