ಕೈ ಬಿಟ್ಟದ್ದು, ಕೈ ತಪ್ಪಿದ್ದು

ನಮ್ಮೂರಿನಲ್ಲಿ ಹೊಟ್ಟೆನೋವಿಗೆ ಒಬ್ಬನೇ ವೈದ್ಯ. ಅಂಜಿಕೆಗೆ ಮಾತ್ರ ಊರಿಗೆ ಊರೇ ವೈದ್ಯರು. ಎಂಬತ್ತರ ದಶಕದ ನಡುವಿನ ಮಾತು. ಕುಂದಗೋಳ ಸೀಮೆಯ ಎರೆಹೊಲಗಳ ನಡುವಿನ ಊರು. ನಾನು ಒಂಬತ್ತನೇ ಇಯತ್ತೆ. ಅಷ್ಟೂ ವೈದ್ಯರ ಕೈಗೆ ಸಿಕ್ಕು ನಾನು ಉಳಿದದ್ದೇ ಹೆಚ್ಚು.

ಹೈಸ್ಕೂಲು ಹಳ್ಳದ ಆಚೆಗಿತ್ತು. ಮಿರಗದ ಮಳೆಯ ಒಂದು ಸಂಜೆ ನಾನೂ ನನ್ನ ಗೆಳತಿಯೂ ಕೈ ಹಿಡಿದುಕೊಂಡು ಹಳ್ಳ ದಾಟುವಾಗ ಮೇಲಿನಿಂದ ರಾಡಿ ನೀರು ನುಗ್ಗಿ ಬಂತು. ನನಗೆ ದಂಡೆಯ ಜಾಲಿಯ ಬೇರು ಸಿಕ್ಕಿತು. ಅವಳು ಹೋದಳು. ಓಡಿ ಬಂದವರ ಮುಂದೆ ನಾನು ಆಡಿದ್ದು ಒಂದೇ ಮಾತು: "ನಾ ಕೈ ಬಿಟ್ಟೆ." ಊರಿಗೆ ಅಷ್ಟೇ ಬೇಕಾಗಿತ್ತು. "ಗೆಳತಿ ಕೈ ಬಿಟ್ಟಾಕಿ" ಎಂದು ನನಗೆ ಹೆಸರಿಟ್ಟರು.

ಆಮೇಲೆ ಕೊಡದಿಂದ ನೀರು ಸುರಿಯುವ ಸದ್ದು ಕೇಳಿದರೂ ಸಾಕು, ಉಸಿರು ಸಿಕ್ಕಿಕೊಂಡು ಬಲಗೈ ಮುಷ್ಟಿ ಬಿಗಿಯುತ್ತಿತ್ತು. ಎಷ್ಟು ಹೊತ್ತಾದರೂ ಬಿಚ್ಚುತ್ತಿರಲಿಲ್ಲ. ಹಳ್ಳದ ಕಡೆ ಕಾಲೇ ಏಳದೆ ಶಾಲೆ ನಿಂತಿತು.

ಮೊದಲು ಬಂದವನು ದೆವ್ವ ಬಿಡಿಸುವ ಅಜ್ಜ. ಸತ್ತವಳು ನನ್ನ ಮೈಮೇಲೆ ಬಂದಿದ್ದಾಳಂತೆ, ಇಳಿಸಲು ನೆತ್ತಿಯ ಮೇಲೆ ಹನ್ನೊಂದು ಕೊಡ ತಣ್ಣೀರು ಸುರಿಯಬೇಕಂತೆ. ನೀರಿಗೆ ಅಂಜಿದವಳಿಗೆ ನೀರೇ ಮದ್ದು! ಇಂಥ ಬುದ್ಧಿಗೆ ಊರೇ ಕೈಮುಗಿದು ನಿಂತಿತ್ತು. ನಾನು ಚೀರಿದಷ್ಟೂ ಅವನು ಮೀಸೆ ತಿರುವಿದ. "ಒದರಾಕತ್ತಾಳ ನೋಡ್ರಿ, ಹೊಂಟಾಳ ಆಕಿ!"

ಎರಡನೆಯ ಮದ್ದು "ಮರಿ", ಅಂದರೆ ಮರೆತುಬಿಡು ಎಂಬುದು. ಗೆಳತಿಯ ಹೆಸರನ್ನು ಯಾರೂ ಎತ್ತುವಂತಿರಲಿಲ್ಲ. ನಾಲ್ಕು ಮನೆಯಾಚೆ ಇದ್ದ ಅವಳ ತಾಯಿ ಓಣಿಯಲ್ಲಿ ಕಂಡರೆ ಅವ್ವ ನನ್ನನ್ನು ಒಳಗೆಳೆದು ಕದ ಹಾಕುತ್ತಿದ್ದಳು. ಕಟ್ಟೆಯ ಮೇಲಿನ ಹಿರಿಯರದು ಮೂರನೆಯದು: "ಮದಿವಿ ಮಾಡ್ರಿ, ಎಲ್ಲಾ ಸರಿ ಹೊಕ್ಕೈತಿ." ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯನ್ನು ಅವರು ಅರ್ಧ ಮಾತ್ರ ಕಲಿತಿದ್ದರು. ಅಪ್ಪ ಕಡ್ಡಿ ಮುರಿದಂತೆ ಹೇಳಿದ: "ದೀಪಾವಳಿ ಒಳಗ ಸಾಲಿಗೆ ಹೋದ್ರ ಹೋದಿ. ಇಲ್ಲಾಂದ್ರ ಯರಗುಪ್ಪಿ ಮಾವನ ಜೋಡಿ ಮದಿವಿ, ಅಕ್ಕಿಕಾಳು." ಮಾವನಿಗೆ ನನ್ನ ಎರಡು ಪಟ್ಟು ವಯಸ್ಸು. ಬಾಯಲ್ಲಿ ತಂಬಾಕು ಇದ್ದಷ್ಟು ಹೊತ್ತು ಒಳ್ಳೆಯವನು.

ಊರ ಸಣ್ಣ ದವಾಖಾನೆಯ ನರ್ಸಬಾಯಿಯನ್ನು ಯಾರೂ ಕೇಳಲಿಲ್ಲ. ಮಕ್ಕಳು ಸಾಕೆಂದವರನ್ನು ಆಪರೇಶನ್ನಿಗೆ ಕರೆದೊಯ್ಯುತ್ತಿದ್ದ ಅವರನ್ನು ಕಂಡರೆ ಹೆಂಗಸರು "ಆಪರೇಶನ್ ಬಾಯಿ" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಅವ್ವನಿಗೆ ಗುಳಿಗೆ ಕೊಡಲು ಬಂದ ಅವರು ನನ್ನ ಮುಷ್ಟಿ ನೋಡಿದರು, ಬಿಚ್ಚಲು ಹೋಗಲಿಲ್ಲ.

"ಏನಾತವಾ? ಮೊದಲಿಂದ ಹೇಳು."

ಅಲ್ಲಿಯವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಹೇಳಿದೆ. "ನಾಳಿಗಿ ದವಾಖಾನಿಗೆ ಬಂದು ಮತ್ತ ಹೇಳು" ಎಂದರು. ದಿನವೂ ಹೋದೆ. ಅವರು ಸ್ಟೋವಿನ ಮೇಲೆ ಸೂಜಿ ಕುದಿಸುತ್ತ ಕೇಳುವರು, ನಾನು ಅದನ್ನೇ ಮತ್ತೆ ಹೇಳುವೆ. ದಿನಕ್ಕೊಂದೇ ಪ್ರಶ್ನೆ ಹಾಕುವರು. ಕಾಲು ಎಲ್ಲಿದ್ದವು, ನೀರು ಎಲ್ಲಿಯತನಕ ಬಂದಿತ್ತು. ಒಂದು ದಿನ ಕೇಳಿದರು:

"ಬೇರು ಯಾವ ಕೈಯಾಗಿತ್ತು?"

"ಎಡಗೈಯಾಗ್ರಿ."

"ಆಕಿ?"

"ಬಲಗೈಯಾಗ."

"ಬಲಗೈ ಬೆರಳು ನೀನ ಬಿಚ್ಚಿದ್ಯೇನು?"

ನಾನು ನನ್ನ ಮುಷ್ಟಿ ನೋಡಿಕೊಂಡೆ. ಅವಳನ್ನು ನೀರು ಎಳೆಯುವಾಗಲೂ ಅದು ಹೀಗೇ ಬಿಗಿದಿತ್ತು. ನಾನು ಬಿಚ್ಚಿರಲಿಲ್ಲ.

"ನೀ ಕೈ ಬಿಟ್ಟಿಲ್ಲವಾ. ಕೈ ತಪ್ಪೇತಿ."

ಅಂದು ಅತ್ತಷ್ಟು ನಾನು ಎಂದೂ ಅತ್ತಿಲ್ಲ. ಮರುದಿನದಿಂದ ಅವರು ನನ್ನನ್ನು ಹಳ್ಳದ ಕಡೆ ಕರೆದೊಯ್ದರು. ಮೊದಲ ದಿನ ಬನ್ನಿಗಿಡದವರೆಗೆ ಅಷ್ಟೇ. ಆಮೇಲೆ ದಂಡೆ, ಆಮೇಲೆ ಪಾದ ಮುಳುಗುವಷ್ಟು. ಮುಷ್ಟಿ ಬಿಗಿದರೆ ನಿಲ್ಲುವುದು, ಸಡಿಲಾದ ಮೇಲೆ ಮುಂದೆ. ದೀಪಾವಳಿಗೆ ಎಂಟು ದಿನ ಇರುವಾಗ ಒಬ್ಬಳೇ ಹಳ್ಳ ದಾಟಿ ಶಾಲೆಗೆ ಹೋದೆ.

ಅಪ್ಪ ತೆಂಗಿನಕಾಯಿ ಹಿಡಿದು ಹೋದದ್ದು ದೆವ್ವದ ಅಜ್ಜನ ಮನೆಗೆ! ಹನ್ನೊಂದು ಕೊಡದ ಫಲವಂತೆ. ನರ್ಸಬಾಯಿಗೆ ಯಾರೂ ಒಂದು ಕಪ್ಪು ಚಹಾ ಕೊಡಲಿಲ್ಲ. ವಯಸ್ಸಿಗೆ ಬಂದ ಹುಡುಗಿಯನ್ನು ಹಳ್ಳಕ್ಕೆ ಅಡ್ಡಾಡಿಸಿದಳೆಂದು ಆಡಿಕೊಂಡರು. ಆ ಊರಿನ ಬಗ್ಗೆ ನನಗೆ ಇಂದಿಗೂ ಹೇಸಿಗೆಯೇ.

ಒಬ್ಬಳೇ ಹಳ್ಳ ದಾಟಿದ ಆ ದಿನ ಶಾಲೆಯಿಂದ ಬರುವಾಗ ಗೆಳತಿಯ ತಾಯಿ ಬಾಗಿಲಲ್ಲಿ ಕುಳಿತಿದ್ದರು. ಅವ್ವ ನಮ್ಮ ಮನೆಯಿಂದ ಕೂಗುತ್ತಲೇ ಇದ್ದಳು. ನಾನು ನಿಂತೆ.

"ಕೈ ತಪ್ಪಿತ್ರಿ, ಕಾಕೂ."

ಅವರು ಮತ್ತೆ ಬಿಗಿದಿದ್ದ ನನ್ನ ಬಲಗೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈಯನ್ನು ತಮ್ಮ ಕೆನ್ನೆಗೆ ಒತ್ತಿಕೊಂಡರು.

"ಎಲ್ಲಾರೂ ಮರಿ ಮರಿ ಅಂತಾರ. ಆಕಿ ಹೆಸರು ತಗೋಳಾಕೂ ಬಿಡಂಗಿಲ್ಲ ನನಗ. ಕಡೀಕ ಆಕಿ ಜೋಡಿ ಇದ್ದಾಕಿ ನೀನ. ಕೂಡು. ಮೊದಲಿಂದ ಹೇಳು."

ಪಾಟಿಚೀಲ ಕೆಳಗಿಟ್ಟು, ಅವರ ಬಾಜು ಕುಳಿತು, ಮೊದಲಿನಿಂದ ಹೇಳಿದೆ.